ರಕ್ತ ಒಡೆದರೆ ತುರಿಸುತ್ತದೆಯೇ?

ಪರದೆ ಹೊಲಿಯುವ ಟೈಲರಕ್ಕನ ಮೈಯಲ್ಲಿ ಆರು ತಿಂಗಳಿಂದ ರಕ್ತ ಒಡೆಯುತ್ತಿತ್ತು. ರೋಗಾಣುಗಳನ್ನು ತಡೆಯಬೇಕಾದ ದೇಹದ ಕಾವಲು ಪಡೆಯೇ ಕೆಂಪು ರಕ್ತಕಣಗಳ ಮೇಲೆ ತಿರುಗಿಬಿದ್ದು ಅವನ್ನು ಒಡೆದುಹಾಕುತ್ತಿದೆ ಎಂದಿದ್ದರು ಡಾಕ್ಟರು. ಮಾತ್ರೆಯಿಂದ ಸುಸ್ತು ಇಳಿದರೂ ಕಣ್ಣಿನ ಹಳದಿ ಹೋಗಲಿಲ್ಲ. ರಕ್ತ ಒಡೆದರೆ ಹಳದಿ ಸಹಜ ಎಂದು ಎಲ್ಲರೂ ಸುಮ್ಮನಾದರು.

ಟೈಲರಕ್ಕ ಸುಮ್ಮನಿರುವ ಪೈಕಿಯಲ್ಲ. ಮರದ ಸ್ಕೇಲಿನಿಂದ ಬೆನ್ನು ಕೆರೆದುಕೊಂಡು ಸಾಕಾಗಿ, ತಂಗಿಯ ಜೊತೆ ಮತ್ತೆ ಆಸ್ಪತ್ರೆಗೆ ಹೋದಳು.

"ಡಾಕ್ಟ್ರೇ, ರಕ್ತ ಒಡೆದ್ರೆ ಮೈಯೆಲ್ಲಾ ತುರಿಸುತ್ತಾ?"

"ದಿನಾ ಇದೇ ರಾಗ ಇವಳದ್ದು, ಬರೀ ಭ್ರಮೆ," ಎಂದಳು ತಂಗಿ.

ಬರೆಯುತ್ತಿದ್ದ ಡಾಕ್ಟರ ಪೆನ್ನು ನಿಂತಿತು. "ಎಷ್ಟು ದಿನದಿಂದಮ್ಮಾ?"

"ವರ್ಷ ಆಯ್ತು. ಅಂಗಾಲಿಂದ ಶುರುವಾಯ್ತು. ಬಟ್ಟೆ ಧೂಳು ಅಂದ್ಕೊಂಡಿದ್ದೆ."

ಡಾಕ್ಟರು ಎದ್ದೇ ಬಿಟ್ಟರು. "ರಕ್ತ ಒಡೆದ್ರೆ ಹೀಗೆ ತುರಿಸಲ್ಲ! ಪಿತ್ತ ಸರಿಯಾಗಿ ಹರಿಯದಿದ್ರೆ ತುರಿಸುತ್ತೆ. ಇವತ್ತೇ ರಕ್ತ ಕೊಡಿ, ಇನ್ನೊಂದು ಪರೀಕ್ಷೆ ಇದೆ."

ವಾರದಲ್ಲಿ ಗುಟ್ಟು ಬಯಲಾಯಿತು. ಅದೇ ಕಾವಲು ಪಡೆ ಯಕೃತ್ತಿನೊಳಗಿನ ಸಣ್ಣ ಪಿತ್ತನಾಳಗಳನ್ನೂ ಕೆಡಿಸುತ್ತಿತ್ತು. ಎರಡೂ ಒಬ್ಬರಲ್ಲೇ ಕೂಡಿಬರುವುದು ಅಪರೂಪವಂತೆ.

ಟೈಲರಕ್ಕ ಚಪ್ಪಾಳೆ ತಟ್ಟಿದಳು.

"ಎರಡೆರಡು ಕಾಯಿಲೆ ಅಂದ್ರೆ ಹಿಗ್ತೀಯಲ್ಲೇ ಅಕ್ಕಾ!"

"ಹಿಗ್ಗದೆ ಏನು? ವರ್ಷದಿಂದ ಎಲ್ರೂ ನನ್ನ ಭ್ರಮೆ ಅಂತಿದ್ರಿ. ಈಗ ಕಾಯಿಲೆಗೆ ಹೆಸರೂ ಸಿಕ್ತು, ಔಷಧಿನೂ ಸಿಕ್ತು!"

ಪಿತ್ತ ಹರಿಸುವ ಈ ಹೊಸ ಮಾತ್ರೆ ಬದುಕಿರುವವರೆಗೂ ತಪ್ಪದು. ಆದರೆ ನಾಲ್ಕು ತಿಂಗಳಲ್ಲಿ ಕಣ್ಣು ಬೆಳ್ಳಗಾಯಿತು, ತುರಿಕೆ ತಗ್ಗಿತು. ಡಾಕ್ಟರು ತಮ್ಮ ಕಿರಿಯರನ್ನೆಲ್ಲ ಕರೆದು, "ಈಯಮ್ಮನ ಕತೆ ಕೇಳಿ," ಎಂದರು. ಟೈಲರಕ್ಕ ಕುರ್ಚಿ ಎಳೆದುಕೊಂಡು ಮೊದಲಿಂದ ಶುರುಮಾಡಿದಳು.