ತೂಬಿನ ಮೇಲೆ ಕೂತವನು

ನನ್ನ ಹೊಸ ಚಿತ್ರಕಥೆಯ ಮೊದಲ ಕಂತು ಸಿಂಧನೂರಿನ ಒಂದು ವಾರಪತ್ರಿಕೆಯಲ್ಲಿ ಬಂದ ದಿನ ಮಸ್ಕಿಯ ಬಸ್‌ ನಿಲ್ದಾಣದಲ್ಲಿ ಎರಡು ಪ್ರತಿ ಕೊಂಡೆ. ಒಂದನ್ನು ಬ್ಯಾಗಿನಲ್ಲಿಟ್ಟೆ. ಇನ್ನೊಂದನ್ನು ಲಿಂಗಸುಗೂರಿನ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿನ ಮೇಲೆ ಮರೆತವಳ ಹಾಗೆ ಬಿಟ್ಟು, ಹಿಂದೆ ಹೋಗಿ ಕೂತೆ. ಓದುವವರ ಮುಖ ನೋಡಲು ನನಗೆ ಗೊತ್ತಿರುವ ದಾರಿ ಇದೊಂದೇ.

ಪಾಮನಕಲ್ಲೂರಿನ ಕಡೆಯವರಿರಬೇಕು, ಬಿಳಿ ಟೊಪ್ಪಿಗೆಯ ಹಿರಿಯರೊಬ್ಬರು ಬಂದು ಕೂತು ಪತ್ರಿಕೆ ಎತ್ತಿಕೊಂಡರು. ಧಾರಣೆ ನೋಡಿದರು, ಶ್ರದ್ಧಾಂಜಲಿ ನೋಡಿದರು, ಆಮೇಲೆ ನಮ್ಮ ಪುಟಕ್ಕೆ ಬಂದರು. ನನಗೆ ಕಾಣುತ್ತಿದ್ದದ್ದು ಅವರ ಕೆನ್ನೆ ಮತ್ತು ಗದ್ದ ಮಾತ್ರ. ಗದ್ದ ನಿಧಾನವಾಗಿ ಕೆಳಗಿಳಿಯಿತು, ಮತ್ತೆ ಮೇಲೇರಿತು, ಮತ್ತೆ ಇಳಿಯಿತು. ಅವರು ನಾಲಿಗೆಯಿಂದ ಲೊಚ್ಚೆಂದು ಸದ್ದು ಮಾಡಿದರು. ಪತ್ರಿಕೆಯನ್ನು ಮಡಚಿ ಅಂಗಿಯೊಳಗಿನ ಜೇಬಿಗೆ ಇಟ್ಟುಕೊಂಡರು. ಚಿತ್ರಕಥೆಯನ್ನು ಜೇಬಿಗಿಟ್ಟುಕೊಂಡ ದೊಡ್ಡವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಲಿಂಗಸುಗೂರು ಬರುವವರೆಗೂ ಸಂತೋಷವಾಗಿಯೇ ಇದ್ದೆ.

ನನ್ನ ನೌಕರಿ ಲಿಂಗಸುಗೂರಿನ ಸರಕಾರಿ ಕಚೇರಿಯೊಂದರಲ್ಲಿ, ಮನೆ ಮಸ್ಕಿಯಲ್ಲಿ. ಚಿತ್ರಕಥೆ ಬರೆದದ್ದೆಲ್ಲ ಈ ಎರಡೂರಿನ ನಡುವಿನ ಬಸ್ಸಿನಲ್ಲಿ. ಮೊದಲನೆಯ ಸರಣಿ ಮಕ್ಕಳ ಮಾಸಪತ್ರಿಕೆಯೊಂದಕ್ಕೆ ಬರೆದದ್ದು, ಅಂಚೆ ಚೀಲದೊಳಗೆ ಸಿಕ್ಕಿಕೊಂಡು ಊರೂರು ಸುತ್ತುವ ಹಲ್ಲಿಯ ಕಥೆ. ಮಕ್ಕಳು ಹಲ್ಲಿಯ ಚಿತ್ರ ಬರೆದು ಕಳಿಸುತ್ತಿದ್ದರು. ಪತ್ರಿಕೆ ನಿಂತಿತು, ಹಲ್ಲಿಯೂ ನಿಂತಿತು. ಎರಡನೆಯದು ಪುಸ್ತಕವಾಗಿ ಬಂತು. ಅದರಲ್ಲಿ ಆಕಾಶದಿಂದ ಇಳಿದು ಬರುವ ವೀರನೊಬ್ಬನಿದ್ದ. ಮಾರಾಟವಾಗದ ಆ ಪುಸ್ತಕದ ಕಟ್ಟುಗಳು ನಮ್ಮ ಮನೆಯ ಮಂಚದ ಕೆಳಗೆ ಈಗಲೂ ಇವೆ. ಕಚೇರಿಯ ಸಹೋದ್ಯೋಗಿಯೊಬ್ಬರು ಅದನ್ನು ಓದಿ, ಇವ ಮಸ್ಕಿಗೆ ಯಾಕ ಇಳಿತಾನ್ರೀ ಮೇಡಂ, ಇಲ್ಲಿ ಎಕ್ಸ್‌ಪ್ರೆಸ್ ಬಸ್ಸ ನಿಂದ್ರಂಗಿಲ್ಲ ಅಂದಿದ್ದರು. ಆ ಪುಸ್ತಕಕ್ಕೆ ಬಂದ ವಿಮರ್ಶೆ ಅದೊಂದೇ, ಮತ್ತು ಅದು ಸರಿಯಾಗಿತ್ತು.

ಅದಕ್ಕೇ ಮೂರನೆಯ ಸರಣಿಗೆ ಇಲ್ಲೇ ಇರುವ ಮನುಷ್ಯನನ್ನು ತೆಗೆದುಕೊಂಡೆ. ತುರ್ವಿಹಾಳದ ನನ್ನ ಸೋದರಮಾವ ಕಾಲುವೆಯ ಗ್ಯಾಂಗ್‌ಮನ್. ಉಪಕಾಲುವೆಯ ತೂಬಿನಲ್ಲಿ ಗೇಟು ಎತ್ತುವುದು, ಇಳಿಸುವುದು, ಯಾವ ಊರಿನ ಪಾಳಿಯೋ ಆ ಊರಿಗೆ ನೀರು ಮುಟ್ಟುವಂತೆ ನೋಡಿಕೊಳ್ಳುವುದು ಅವನ ಕೆಲಸ. ತೂಬಿನ ಹತ್ತಿರ ಹೊಲ ಇರುವ ಮೇಲಿನವರಿಗೆ ಎಷ್ಟು ಬಿಟ್ಟರೂ ಸಾಲದು. ಕಾಲುವೆಯ ಕೊನೆಯಲ್ಲಿರುವ ಕೆಳಗಿನ ಊರಿಗೆ ಮಿಕ್ಕರೆ ಉಂಟು. ಕೆಳಗಿನವರ ಪಾಳಿ ಬಂದಾಗ ಮಾಮ ಮೇಲಿನವರ ಗೇಟು ಇಳಿಸಿ, ಅದರ ಕಬ್ಬಿಣದ ಅಡ್ಡಪಟ್ಟಿಯ ಮೇಲೆ ಹತ್ತಿ ಕೂತುಬಿಡುತ್ತಿದ್ದ. ಪಾಳಿ ಮುಗಿಯುವವರೆಗೆ ಅಲ್ಲೇ ಊಟ, ಅಲ್ಲೇ ಬೀಡಿ. ಗೇಟು ಎತ್ತಬೇಕೆಂದರೆ ಮೊದಲು ಅವನನ್ನು ಎತ್ತಬೇಕು ಎಂದು ಜನ ನಗುತ್ತಿದ್ದರು. ಹಾಗೆ ಕೂತುಕೊಳ್ಳಲು ಯಾರೂ ಅವನಿಗೆ ಹೇಳಿರಲಿಲ್ಲ.

ಆ ಕೆಲಸ ಖಾಯಂ ಅಲ್ಲ. ಪ್ರತಿ ಬೆಳೆಗೂ ಕಾಲುವೆಗೆ ನೀರು ಬಿಡುವ ಮುಂಚೆ ಗ್ಯಾಂಗ್‌ಮನ್‌ಗಳ ಹೆಸರು ಹೊಸದಾಗಿ ಬರೆದುಕೊಳ್ಳುತ್ತಾರೆ. ರೈತರ ದೂರು ಇದ್ದರೆ ಹೆಸರು ಬಿಟ್ಟುಹೋಗುತ್ತದೆ. ಇದು ನನಗೆ ಗೊತ್ತಿದ್ದ ವಿಷಯವೇ.

ಚಿತ್ರ ಬರೆದವನು ಸಿಂಧನೂರಿನ ಹತ್ತಿರ ಬಂಗಾಳಿ ನಿರಾಶ್ರಿತರು ನೆಲೆಸಿರುವ ಆರ್.ಎಚ್. ಕ್ಯಾಂಪಿನ ಕಲಾವಿದ. ಸಿಂಧನೂರಿನಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಾನೆ. ನನ್ನನ್ನು ಅಕ್ಕ ಅನ್ನುವ ಬದಲು ದಿದಿ ಅನ್ನುತ್ತಾನೆ, ಮಿಕ್ಕಿದ್ದೆಲ್ಲ ನಮ್ಮ ಮಾತೇ ಮಾತಾಡುತ್ತಾನೆ. ಒಮ್ಮೆ ತುರ್ವಿಹಾಳಕ್ಕೆ ಬಂದು ಮಾಮನನ್ನು ನೋಡಿಕೊಂಡು ಹೋದ. ಅಷ್ಟು ಸಾಕಾಯಿತು. ಮುಖ ಬೇರೆ ಬರೆದ. ಆದರೆ ಸೈಕಲ್ಲಿನ ಕಂಬಿಗೆ ಹಸಿರು ಸೀರೆಯ ಚೂರಿನಿಂದ ಕಟ್ಟಿದ ಗೇಟಿನ ಹಿಡಿಕೆ, ಎಡಕ್ಕೆ ವಾಲಿದ ಹೆಗಲು, ಕೂತಾಗ ತೂಗುಬಿಡುವ ಕಾಲು ಇವೆಲ್ಲ ಮಾಮನವೇ. ನೋಡಿದ ಯಾರಿಗೂ ಇನ್ನೊಬ್ಬರ ಹೆಸರು ಹೊಳೆಯುವಂತಿರಲಿಲ್ಲ.

ಮೊದಲ ಕಂತಿಗೆ ನಾಲ್ಕೇ ಚೌಕ, ಮೇಲೆ ಎರಡು, ಕೆಳಗೆ ಎರಡು. ಮೇಲಿನ ಸಾಲಿನಲ್ಲಿ ಎಡಕ್ಕೆ, ಗ್ಯಾಂಗ್‌ಮನ್ ಸೈಕಲ್ ಮೇಲೆ ತೂಬಿಗೆ ಬರುತ್ತಾನೆ. ಅದರ ಬಲಕ್ಕೆ, ಮೇಲಿನ ಹೊಲದವರು ಹಾರೆ ಹಾಕಿ ಗೇಟು ಎತ್ತುತ್ತಿದ್ದಾರೆ. ಕೆಳಗಿನ ಸಾಲಿನಲ್ಲಿ ಎಡಕ್ಕೆ, ಅವನು ಗೇಟಿನ ಮೇಲೆ ಕೂತು ಬೀಡಿ ಹಚ್ಚಿ ನಗುತ್ತಿದ್ದಾನೆ. ಬಲಕ್ಕೆ, ಗದ್ದೆಯೊಂದರಲ್ಲಿ ನೀರು ತುಂಬಿ ನಿಂತಿದೆ. ಅದು ಕೆಳಗಿನ ಊರಿನ ಗದ್ದೆ. ಒಂದು ಚೌಕದಲ್ಲೂ ಮಾತಿಲ್ಲ. ಒಂದೆರಡು ಸಾಲು ಇದ್ದರೆ ಚಲೋ ಎಂದು ಸಂಪಾದಕರು ಕೇಳಿದ್ದರು. ಚಿತ್ರವೇ ಹೇಳುತ್ತದೆ ಎಂದಿದ್ದೆ.

ಪತ್ರಿಕೆ ಬಂದ ವಾರದಲ್ಲೇ ಮಾಮನ ಮನೆಯಿಂದ ಅತ್ತೆಯ ಫೋನು ಬಂತು. ಆಕೆ ಅಳುತ್ತಿರಲಿಲ್ಲ. ಅದೇ ನನಗೆ ಹೆಚ್ಚು ಭಯ ತಂದಿತು.

"ನಿಮ್ಮ ಮಾಮಗ ತೂಬಿನ ಕಡಿ ಬರಬ್ಯಾಡ ಅಂದಾರ. ನೀ ಅವನ ಮ್ಯಾಲ ಏನ್ ಬರದೀ?"

ಯಾರೋ ಪುಟದ ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಾಕಿದ್ದರು, 'ನಮ್ಮ ಗ್ಯಾಂಗ್‌ಮನ್ ನೋಡ್ರಿ' ಎಂಬ ಸಾಲಿನ ಜೊತೆ. ರೈತರು ಕಾಲುವೆ ಕಚೇರಿಗೆ ಹೋಗಿ ಅದನ್ನು ತೋರಿಸಿದ್ದರು. ಸಾಹೇಬರು ಮಾಮನನ್ನು ಕರೆಸಿ, ಸದ್ಯ ಮನೆಯಲ್ಲಿರು, ಮುಂದಿನ ಬೆಳೆಗೆ ಹೆಸರು ಬರೆಯುವಾಗ ನೋಡೋಣ ಅಂದಿದ್ದರು.

ಮೇಲಿನ ಹೊಲದ ದೊಡ್ಡ ರೈತರಿಗೆ ಸಿಟ್ಟು ಬಂದಿದೆ ಎಂದು ನಾನು ಒಂದೇ ಸಲಕ್ಕೆ ನಿಶ್ಚಯ ಮಾಡಿಕೊಂಡೆ. ಬೇರೆ ಕಾರಣ ಹೊಳೆಯಲಿಲ್ಲ. ಕಲಾವಿದನಿಗೆ ಫೋನು ಮಾಡಿದಾಗ ಅವನೂ ಹಾಗೇ ತಿಳಿದ. ಅವನ ದನಿ ಸಣ್ಣದಾಯಿತು. ಅವನ ತಂದೆ ಲೀಜಿಗೆ ಮಾಡುತ್ತಿದ್ದ ಗದ್ದೆ ಆ ದೊಡ್ಡ ರೈತರ ಬೀಗರದು. ರಜೆ ಹಾಕಿ ಸಿಂಧನೂರಿಗೆ ಹೋದೆ. ಇಬ್ಬರೂ ತುರ್ವಿಹಾಳದ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಆ ರೈತರಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸುತ್ತಿದ್ದೆ. ಇದು ಕಥೆ, ಯಾರನ್ನೂ ಕುರಿತದ್ದಲ್ಲ, ತಪ್ಪು ತಿಳಿಯಬೇಡಿ. ಕಿಟಕಿಯ ಹೊರಗೆ ನಾಟಿ ಮುಗಿದ ಗದ್ದೆಗಳು ಸಾಗುತ್ತಿದ್ದವು. ಯಾವುದು ಯಾರದು ಎಂದು ನೋಡುತ್ತಾ ಕೂತೆ.

ಮಾಮ ಕಟ್ಟೆಯ ಮೇಲೆ ಸೈಕಲ್ಲನ್ನು ತಲೆಕೆಳಗು ಮಾಡಿಟ್ಟು ಚೈನು ಒರೆಸುತ್ತಿದ್ದ. ಒಳಗೆ ಗೋಡೆಯ ಮೇಲೆ, ಬುದ್ಧನ ಫೋಟೋದ ಕೆಳಗೆ, ನಮ್ಮ ಪುಟವನ್ನು ಅಂಟಿಸಿದ್ದ. ಅದನ್ನು ಇನ್ನೂ ಕಿತ್ತಿರಲಿಲ್ಲ. ನಾನು ಮೇಲಿನವರ ಮಾತು ತೆಗೆದೆ. ಅವನು ತಲೆಯಾಡಿಸಿದ.

"ಮ್ಯಾಲಿನವರಲ್ಲವ್ವ. ಅವರು ನಗಾಕತ್ತಾರ, ಚಾ ಕುಡಸ್ತೀವಿ ಬಾ ಅಂತಾರ. ದೂರು ಕೊಟ್ಟವರು ಕೆಳಗಿನವರು."

ನಾನು ಮತ್ತೆ ಕೇಳಿದೆ. ಅವನು ಅದನ್ನೇ ಹೇಳಿದ. ಯಾರ ನೀರಿಗಾಗಿ ಅವನು ಗೇಟಿನ ಮೇಲೆ ಕೂತನೋ ಅವರೇ ಅವನು ಬೇಡ ಅಂದಿದ್ದರು. ಯಾಕೆಂದು ಅವನಿಗೂ ತಿಳಿದಿರಲಿಲ್ಲ. ಈ ಕೆಲಸಕ್ಕೆ ಬಂದಾಗಿನಿಂದ ಪರಿಚಯವಿದ್ದವರು ಈಗ ಅವನನ್ನು ಕಂಡರೆ ಬೀಡಿ ಕೇಳುವುದಿಲ್ಲ ಎಂದ. ನಾನು ಜೋಡಿಸಿಟ್ಟ ಮಾತುಗಳು ಯಾವ ಉಪಯೋಗಕ್ಕೂ ಬರಲಿಲ್ಲ.

ಕೆಳಗಿನ ಊರಿಗೆ ಕಾಲುವೆಯ ದಂಡೆ ಹಿಡಿದು ಆಟೋದಲ್ಲಿ ಹೋದೆವು. ಮಾಮ ಬರಲಿಲ್ಲ. ಆ ಊರಿನ ಚಹದ ಹೋಟೆಲಿನಲ್ಲಿ, ದೂರು ಕೊಡಲು ಮುಂದಾಗಿದ್ದ ಹಿರಿಯ ರೈತರು ಸಿಕ್ಕರು. ನಾವು ಯಾರೆಂದು ಹೇಳಿದೆ. ಅವರು ಸಿಟ್ಟಾಗಲಿಲ್ಲ. ನಮಗೆ ಚಹ ಹೇಳಿದರು, ಜೇಬಿನಿಂದ ಪುಟ ತೆಗೆದು ಮೇಜಿನ ಮೇಲೆ ಬಿಡಿಸಿ, ಅಂಗೈಯಿಂದ ಸವರಿ, ಬೆರಳಿಟ್ಟರು.

"ನೋಡ್ರಿ ಅಕ್ಕಾರ, ನೀವ ಬರದಿದ್ದು. ಇಲ್ಲಿ ಸೈಕಲ್ ಮ್ಯಾಲ ಬಂದ." ಬೆರಳು ನೇರ ಕೆಳಗಿಳಿಯಿತು. "ಇಲ್ಲಿ ಬೀಡಿ ಹಚ್ಚಿ ಕುಂತ, ನಗಾಕತ್ಯಾನ." ಬೆರಳು ಬಲಗಡೆ ಮೇಲಕ್ಕೆ ಹೋಯಿತು. "ಇಲ್ಲಿ ಅವರು ಹಾರಿ ಹಾಕಿ ಎತ್ತಾಕತ್ತಾರ." ಮತ್ತೆ ಇಳಿಯಿತು. "ಇಲ್ಲಿ ಅವರ ಗದ್ದಿ ತುಂಬಿ ನಿಂತೈತಿ. ಇನ್ನೇನ್ ತಿಳೀಬೇಕು? ಇಷ್ಟ ದಿನ ಅವ ಕುಂತಿದ್ದು ಕಾಯಾಕಲ್ಲ, ನೋಡಿಕೋಂತ ನಗಾಕ."

ಕಲಾವಿದ ನನ್ನ ಕಡೆ ನೋಡಿದ. ನನಗೆ ಬಸ್ಸಿನಲ್ಲಿ ಕಂಡ ಗದ್ದ ನೆನಪಾಯಿತು. ಕೆಳಗಿಳಿದು, ಮೇಲೇರಿ, ಮತ್ತೆ ಇಳಿದ ಗದ್ದ. ಅಂಕಣಗಳ ನಡುವೆ ಪತ್ರಿಕೆಯವರು ಎಂದಿನಂತೆ ಎಳೆದಿದ್ದ ಉದ್ದ ಗೆರೆ ನಮ್ಮ ಚಿತ್ರಗಳ ನಡುವೆಯೂ ಇಳಿದು, ಎಡದ ಎರಡನ್ನು ಬಲದ ಎರಡರಿಂದ ಬೇರೆ ಮಾಡಿತ್ತು. ಅದನ್ನು ನಾನು ಎಷ್ಟೋ ಸಲ ನೋಡಿದ್ದೆ.

ಇದನ್ನು ಅಡ್ಡ ಓದಬೇಕು, ಮೊದಲು ಮೇಲಿನ ಎರಡು, ಆಮೇಲೆ ಕೆಳಗಿನ ಎರಡು ಎಂದು ತಿಳಿಸಿ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು. ಆಮೇಲೆ ಪುಟದ ಮೇಲ್ಭಾಗದ ಸುದ್ದಿಗಳ ಮೇಲೆ ಬೆರಳನ್ನು ಅಡ್ಡ ಎಳೆದರು.

"ಪೇಪರ ಅಡ್ಡ ಯಾರ ಓದ್ತಾರವ್ವ? ಹಂಗ ಓದಿದ್ರ ಭತ್ತದ ಧಾರಣಿ ಹೋಗಿ ಸತ್ತವರ ಮನಿಯಾಗ ಕುಂದರತೈತಿ."

ಹೋಟೆಲಿನಲ್ಲಿದ್ದವರು ನಕ್ಕರು. ನನಗೂ ನಗು ಬರುವಂತಿತ್ತು, ಚಹದ ಲೋಟ ಕೆಳಗಿಟ್ಟೆ. ಆಗ ಕಲಾವಿದ ಪುಟ ಹರಿಯಬಹುದೇ ಎಂದು ಕೇಳಿದ. ಅವರು ಹೂಂ ಅಂದರು. ಅವನು ನಾಲ್ಕೂ ಚೌಕಗಳನ್ನು ಬೇರೆ ಬೇರೆ ಹರಿದು, ಮೇಜಿನ ಉದ್ದಕ್ಕೆ ಒಂದರ ಕೆಳಗೊಂದು ಇಟ್ಟ. ಬಂದ, ಎತ್ತುತ್ತಿದ್ದಾರೆ, ಕೂತ, ನೀರು.

ಹಿರಿಯರು ಬಗ್ಗಿ ನೋಡಿದರು. ಅಕ್ಕಪಕ್ಕದವರೂ ಎದ್ದು ಬಂದು ನೋಡಿದರು. ಇದು ನಮ್ಮ ಗದ್ದೆ ಏನು ಎಂದು ಯಾರೋ ಕೇಳಿದರು. ಹೌದು ಎಂದ ಕಲಾವಿದ. ಮುಗಿಯಿತು ಎಂದುಕೊಂಡೆ. ಹಿರಿಯರು ಗ್ಯಾಂಗ್‌ಮನ್ ಕೂತಿದ್ದ ಚೌಕವನ್ನು ಎತ್ತಿ ಮೂರನೆಯ ಜಾಗದಿಂದ ಎರಡನೆಯ ಜಾಗಕ್ಕೆ ಇಟ್ಟರು. ಮತ್ತೆ ಮೂರಕ್ಕೆ ಇಟ್ಟರು.

"ಹಂಗಿಟ್ರ ಕಳ್ಳ, ಹಿಂಗಿಟ್ರ ಸಾಚಾ. ಇದರಾಗ ಖರೆ ಯಾವುದು ಅಂತ ಹೇಳೋರು ಯಾರು? ಬರದಾಕಿ ನೀ. ಅವ ನಿನ್ನ ಮಾಮ."

ಅವನು ಕೂತದ್ದನ್ನು ನಾನು ಕಂಡದ್ದು ಕೆಲವೇ ಸಲ. ಯಾಕೆ ಕೂತ ಎಂಬುದನ್ನು ಅವನ ಬಾಯಿಂದ ಕೇಳಿದ್ದೆ. ಅವರಿಗಿಂತ ಹೆಚ್ಚಿನ ಸಾಕ್ಷಿ ನನ್ನ ಬಳಿ ಏನೂ ಇರಲಿಲ್ಲ.

ಅವರು ಕೆಟ್ಟವರಲ್ಲ. ಚೂರುಗಳನ್ನು ಒಟ್ಟು ಮಾಡಿ ಕಲಾವಿದನ ಕೈಗೆ ಕೊಟ್ಟರು. ಕಚೇರಿಗೆ ಹೋಗಿ, ಚಿತ್ರ ನೋಡಿ ಕೊಟ್ಟ ದೂರು, ವಾಪಸು ತಗೊಂಡೀವಿ ಎಂದು ಹೇಳುವುದಾಗಿ ಒಪ್ಪಿದರು. ಆದರೆ ಇನ್ನು ಮುಂದೆ ತಮ್ಮ ಪಾಳಿಯ ದಿನ ತಮ್ಮೂರಿನವನೊಬ್ಬ ಮಾಮನ ಬಾಜು ಇರುತ್ತಾನೆ ಎಂದೂ ಹೇಳಿದರು.

ಅವರು ಮಾತು ಉಳಿಸಿಕೊಂಡರು. ಆದರೂ ಮುಂದಿನ ಬೆಳೆಗೆ ಹೆಸರು ಬರೆದುಕೊಳ್ಳುವವರೆಗೆ ನಾನು ಅತ್ತೆಯ ಫೋನು ಬಂದಾಗಲೆಲ್ಲ ಎರಡು ಸಲ ಉಸಿರು ತೆಗೆದುಕೊಂಡೇ ಎತ್ತುತ್ತಿದ್ದೆ. ಕೊನೆಗೆ ಮಾಮನ ಹೆಸರು ಬಂತು.

ಈ ನಡುವೆ ಸಂಪಾದಕರು ಬಹಳ ಖುಷಿಯಾಗಿದ್ದರು. ನನ್ನ ಯಾವ ಸರಣಿಗೂ ಇಷ್ಟು ಓದುಗರು ಸಿಕ್ಕಿರಲಿಲ್ಲ. ಅಂಗಡಿಗಳಲ್ಲಿ ಪ್ರತಿ ಉಳಿಯಲಿಲ್ಲವಂತೆ, ಎರಡನೆಯ ಕಂತು ಯಾವಾಗ ಎಂದು ಸಿಂಧನೂರಿನಿಂದ ಲಿಂಗಸುಗೂರಿನವರೆಗೆ ಜನ ಕೇಳುತ್ತಿದ್ದಾರಂತೆ. ಕಚೇರಿಯ ಆ ಸಹೋದ್ಯೋಗಿಯೂ ಈ ಸಲ ಇಳಿದ ಜಾಗ ಬರೋಬರಿ ಐತಿ ಮೇಡಂ ಅಂದರು. ಇಷ್ಟು ವರ್ಷ ಇದೇ ಮಾತಿಗಾಗಿ ಕಾದಿದ್ದೆ. ಅದು ಬಂದಾಗ ಕಡತ ಬಿಚ್ಚಿದೆ.

ಕಾಲುವೆಗೆ ನೀರು ಬಂದ ಮೇಲೆ, ಕೆಳಗಿನವರ ಪಾಳಿಯ ದಿನ ನೋಡಿ ತೂಬಿಗೆ ಹೋದೆ. ಗೇಟು ಇಳಿದಿತ್ತು. ಸ್ವಲ್ಪ ದೂರದಲ್ಲಿ ಕೆಳಗಿನ ಊರಿನವನೊಬ್ಬ ಟವೆಲ್ ಹಾಸಿಕೊಂಡು ಫೋನು ನೋಡುತ್ತಾ ಕೂತಿದ್ದ. ಮಾಮ ಗೇಟಿನ ಪಕ್ಕದಲ್ಲಿ ಸೈಕಲ್ಲಿಗೆ ಕೈಯೂರಿ ನಿಂತಿದ್ದ. ಅಡ್ಡಪಟ್ಟಿಯ ಮೇಲೆ ಅವನು ಕೂರುತ್ತಿದ್ದ ಜಾಗ ಮೊದಲು ಸವೆದು ಹೊಳೆಯುತ್ತಿತ್ತು, ಈಗ ಅಲ್ಲಿ ತುಕ್ಕು ಹಿಡಿಯಲು ಶುರುವಾಗಿತ್ತು. ಬಿಸಿಲು ಜೋರಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದಾನೋ ತಿಳಿಯಲಿಲ್ಲ. ಕೂತುಕೋ ಮಾಮ ಎಂದೆ.

ಅವನು ಆ ಮನುಷ್ಯನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ.

"ನಿಂತ್ರ ಯಾರಿಗೂ ಏನೂ ಅನ್ನಾಕ ಬರಂಗಿಲ್ಲವ್ವ."

ಎರಡನೆಯ ಕಂತಿನ ಕರಡು ಹಾಳೆಯನ್ನು ಕಲಾವಿದ ಕಳಿಸಿದ್ದಾನೆ. ಚೌಕಗಳು ಈಗ ಒಂದರ ಕೆಳಗೊಂದು ಇವೆ, ಯಾರೂ ಬೇರೆ ಥರ ಓದಲಾರರು. ಕಾಲುವೆ ಬರೆದಿದ್ದಾನೆ, ತೂಬು ಬರೆದಿದ್ದಾನೆ, ಸೈಕಲ್ಲನ್ನೂ ಬರೆದಿದ್ದಾನೆ. ಮನುಷ್ಯನ ಜಾಗ ಖಾಲಿ ಬಿಟ್ಟು, ಇವನನ್ನು ಎಲ್ಲಿ ನಿಲ್ಲಿಸಲಿ ದಿದಿ ಎಂದು ಅಂಚಿನಲ್ಲಿ ಪೆನ್ಸಿಲಿನಿಂದ ಕೇಳಿದ್ದಾನೆ. ಹಾಳೆಯನ್ನು ದಿನವೂ ಬಸ್ಸಿನಲ್ಲಿ ತೊಡೆಯ ಮೇಲೆ ಬಿಡಿಸಿಕೊಳ್ಳುತ್ತೇನೆ. ಪಕ್ಕದ ಸೀಟಿಗೆ ಯಾರಾದರೂ ಬಂದರೆ ಮಡಚಿಡುತ್ತೇನೆ.