ಶೇಟರ ಕೋವಿ, ನನ್ನ ನಕಲು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಒಳ್ಳೆಯ ಮನುಷ್ಯರೊಬ್ಬರು ತಮ್ಮ ಜೀವ ಕಾಯಲೆಂದು ಸರ್ಕಾರದ ಅಪ್ಪಣೆ ಪಡೆದು ಇಟ್ಟುಕೊಂಡಿದ್ದ ಕೋವಿ ಅವರ ಕೈತಪ್ಪಿ ಹೋಗಿದ್ದು ನನ್ನಿಂದ. ನಾನು ಅದನ್ನು ಕದಿಯಲಿಲ್ಲ, ಯಾರ ಮೇಲೂ ಗುಂಡು ಹಾರಿಸಲಿಲ್ಲ. ನಕಲು ಮಾಡಿ ತೋರಿಸಿದೆ, ಅಷ್ಟೇ. ಗದಗ ಜಿಲ್ಲೆಯ ರೋಣದ ಕಡೆ ನನ್ನನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಇರದು. ಹೆಡ್‌ಮಾಸ್ತರರ ಕೆಮ್ಮು, ನಮ್ಮಪ್ಪ ಎತ್ತಿಗೆ ಬೈಯುವ ರೀತಿ, ಆಗ ಎತ್ತು ನಮ್ಮಪ್ಪನನ್ನು ನೋಡುವ ರೀತಿ, ಎಲ್ಲವನ್ನೂ ಮಾಡಿ ತೋರಿಸಿ ಪುಕ್ಕಟೆ ಚಹಾ ಕುಡಿದವನು ನಾನು.

ಕುಮಟೆಯಲ್ಲಿ ಕೆಲಸದ ಮೊದಲ ದಿನವೇ ಆ ಕೋವಿ ನನ್ನ ಕಣ್ಣಿಗೆ ಬಿತ್ತು. ಹುಬ್ಬಳ್ಳಿ, ಶಿರಸಿ ದಾಟಿ, ದೇವಿಮನೆ ಘಟ್ಟ ಇಳಿಯುವಾಗ ಹೊಟ್ಟೆಯಲ್ಲಿದ್ದುದನ್ನೆಲ್ಲ ಘಟ್ಟಕ್ಕೇ ಅರ್ಪಿಸಿ ಬಂದಿದ್ದೆ. ಮರುದಿನ ಬೆಳಿಗ್ಗೆ ಕಾರು ಹೊರತೆಗೆದೆ. ನನ್ನನ್ನು ಡ್ರೈವರ್ ಕೆಲಸಕ್ಕೆ ಕರೆಸಿಕೊಂಡಿದ್ದ ಗಜಾನನ ಶೇಟರು ಪಕ್ಕದ ಸೀಟಿನಲ್ಲಿ ಬಂದು ಕೂತರು. ಚಿನ್ನದ ಕೆಲಸದವರು. ಐವತ್ತು ದಾಟಿದ ಸಣಕಲು ದೇಹ, ಮೂಗಿನ ತುದಿಗೆ ಜಾರಿದ ಕನ್ನಡಕ. ವಾರಕ್ಕೊಮ್ಮೆ ಹೊನ್ನಾವರ, ಭಟ್ಕಳದ ಅಂಗಡಿಗಳಿಗೆ ಒಡವೆ ತಲುಪಿಸುವುದು ಅವರ ವ್ಯಾಪಾರ. ಸೀಟ್ ಬೆಲ್ಟ್ ಹಾಕಿಕೊಳ್ಳಲು ಅಂಗಿ ಸರಿಸಿದರು. ಸೊಂಟದಲ್ಲಿ, ಚರ್ಮದ ಚೀಲದೊಳಗೆ, ಗೇಣುದ್ದದ ಕಪ್ಪು ರಿವಾಲ್ವರ್.

"ಎಂತ ನೋಡ್ತೆ? ರಸ್ತೆ ನೋಡು."

"ಅದು... ಖರೇನ ಐತೇನ್ರಿ?"

"ಸುಳ್ಳು ಕೋವಿಗೆ ಲೈಸೆನ್ಸ್ ಕೊಡೂದಿಲ್ಲ ಮಾರಾಯ."

ನಮ್ಮ ಕಡೆ ಬಂದೂಕು ಅನ್ನುವುದಕ್ಕೆ ಇಲ್ಲಿ ಕೋವಿ. ತೋಟದಲ್ಲಿ ಮಂಗ ಓಡಿಸುವ ಉದ್ದ ನಳಿಗೆಯದೂ ಕೋವಿ, ಶೇಟರ ಸೊಂಟದ ರಿವಾಲ್ವರೂ ಕೋವಿ. ಏನು ಅನ್ನುವುದಕ್ಕೆ ಎಂತ. ಆಯಿತು ಅನ್ನುವುದಕ್ಕೆ ಆತು. ಊಟ ಆತು, ಕೆಲಸ ಆತು, ಮನುಷ್ಯ ತೀರಿಕೊಂಡರೂ ಒಂದು ನಿಟ್ಟುಸಿರು ಬಿಟ್ಟು ಆತು. ನನಗಿಂತ ಚಿಕ್ಕವರಾಗಲಿ, ನನ್ನ ವಯಸ್ಸಿನವರಾಗಲಿ, ಯಾರನ್ನು ಕಂಡರೂ ಇಲ್ಲಿನ ಹಿರಿಯರು ತಮಾ ಅನ್ನುತ್ತಾರೆ, ತಮ್ಮ ಅಂತ. ಬಸ್ ಕಂಡಕ್ಟರ್ ತಮಾ ಅಂದ, ಮೀನಿನ ಬುಟ್ಟಿ ಹೊತ್ತ ಅಮ್ಮ ತಮಾ ಅಂದಳು. ಶೇಟರೊಬ್ಬರು ಅನ್ನಲಿಲ್ಲ. ಅವರಿಗೆ ನಾನು "ಏ ಗದಗ". ಇಡೀ ಜಿಲ್ಲೆಯನ್ನು ಒಬ್ಬನೇ ಹೊತ್ತುಕೊಂಡು ತಿರುಗುವವನ ಹಾಗೆ ನಾನೂ ಓಗೊಡುತ್ತಿದ್ದೆ.

ಮಲಗಲು ಅವರ ಕೆಲಸದ ಕೋಣೆಯ ಹಿಂದೆ ಒಂದು ಸಣ್ಣ ಕೋಣೆ. ಗೋಡೆಗೆ ಒರಗಿದರೆ ಅಂಗಿಗೆ ಪಾಚಿ. ಊಟಕ್ಕೆ ಶೇಟರ ಹೆಂಡತಿ ಶಾಲಿನಕ್ಕ ಅನ್ನದ ಗುಡ್ಡ ಬಡಿಸುತ್ತಿದ್ದರು. ಮೀನು ತಿನ್ನದ ನನಗಾಗಿ ದಿನಾ ಬೇರೆ ಸಾರು. ಜೋಳದ ರೊಟ್ಟಿಯ ನೆನಪಾಗಿ ಕಣ್ಣು ತುಂಬಿದಾಗ ಹಸಿಮೆಣಸಿನಕಾಯಿ ಕಚ್ಚಿ, ಖಾರ ಅಂತ ಹೇಳಿ ಮುಖ ಒರೆಸಿಕೊಳ್ಳುತ್ತಿದ್ದೆ. ಒಂದು ದಿನ ಅಕ್ಕ ಎಲ್ಲಿಂದಲೋ ಜೋಳದ ಹಿಟ್ಟು ತರಿಸಿ ರೊಟ್ಟಿ ಬಡಿದರು. ಅದು ರೊಟ್ಟಿಯೂ ಅಲ್ಲ, ದೋಸೆಯೂ ಅಲ್ಲ. ನಾಲ್ಕು ತಿಂದೆ. ಆವತ್ತು ಖಾರದ ನೆಪವನ್ನೂ ಹೇಳಲಿಲ್ಲ.

ಕೋವಿಯ ವಿಷಯದಲ್ಲಿ ನಮ್ಮೂರಿಗೂ ಈ ಊರಿಗೂ ಬಲು ದೂರ. ನಮ್ಮ ಗೌಡರ ಬಂದೂಕು ಪಡಸಾಲೆಯ ಗೋಡೆಯ ಮೇಲಿರುತ್ತಿತ್ತು. ಬಂದವರೆಲ್ಲ ನೋಡಬೇಕು, ಮುಟ್ಟಬೇಕು, ಮದುವೆಯಲ್ಲಿ ಆಕಾಶಕ್ಕೆ ಎರಡು ಸಲ ಹಾರಿಸಬೇಕು. ಶೇಟರದು ತದ್ವಿರುದ್ಧ. ವಾರಕ್ಕೊಮ್ಮೆ ಕಾರಿನಲ್ಲಿ ನನಗೆ ಪಾಠ ಆಗುತ್ತಿತ್ತು.

"ಯಾರಿಗೂ ಕಾಣೂಕಾಗ. ಕಾಣ್ಸಿ ಹೆದರ್ಸೂದೂ ಅಪರಾಧವೇ. ಲೈಸೆನ್ಸ್ ಯಾವಾಗ್ಲೂ ಕಿಸೆಲಿ ಇರ್ಬೇಕು. ಮದ್ವೆ ಮನೆ, ಮೆರವಣಿಗೆ, ಶಾಲೆ, ಅಲ್ಲೆಲ್ಲ ತಕಂಡೋಗೂಕಿಲ್ಲ. ಚುನಾವಣೆ ಬಂತು ಅಂದ್ರೆ ಠಾಣೆಗೆ ಕೊಟ್ಟು ರಸೀದಿ ತಕಳ್ಬೇಕು. ಮತ್ತೆ ಬೇರೆಯವ್ರ ಕೈಗೆ, ಹೆಂಡ್ತಿ ಕೈಗಾದ್ರೂ, ಕೊಡೂಕಿಲ್ಲ."

"ಕಳ್ಳ ಬಂದ್ರ?"

"ಓಡೂಕೆ ದಾರಿ ಇದ್ರೆ ಓಡೂದು. ಒಡವೆ ಚೀಲ ಬಿಸಾಡಿ ಜೀವ ಉಳೀತದೆ ಅಂದ್ರೆ ಬಿಸಾಡೂದು. ಬೇರೆ ದಾರಿಯೇ ಇಲ್ಲ ಅಂದಾಗ ಮಾತ್ರ ಇದು. ಅಂವ ಬೆನ್ನು ತಿರುಗ್ಸಿ ಓಡ್ದ ಅಂದ್ಕೋ, ಮತ್ತೆ ಹೊಡೆದ್ರೆ ಅದು ಜೀವ ಕಾಯೂದಲ್ಲ, ಕೊಲೆ. ನ್ಯಾಯಾಧೀಶರು ಕೇಳೂದು ಒಂದೇ, ನಿಂಗೆ ಬೇರೆ ದಾರಿ ಇರ್ಲಿಲ್ವ ಅಂತ."

"ಹಂಗಾರ ಇದನ್ನ ಹೊತ್ತು ತಿರಗೂದ್ಯಾಕ್ರಿ, ಇಷ್ಟೆಲ್ಲ ತ್ರಾಸಿದ್ರ?"

ಅಷ್ಟು ಕೇಳಿದರೆ ಶೇಟರು ಕಿಟಕಿಯ ಗಾಜು ಇಳಿಸುತ್ತಿದ್ದರು.

ನಕಲು ಮಾಡುವವನ ಕಣ್ಣಿಗೆ ಸುಮ್ಮನಿರಲು ಬಾರದು. ಹೊನ್ನಾವರ ಬಿಟ್ಟು ಶರಾವತಿ ಸೇತುವೆ ದಾಟಿ ಸ್ವಲ್ಪ ಮುಂದೆ ರಸ್ತೆ ಎಡಕ್ಕೆ ಹೊರಳುವ ಒಂದು ಕಡೆ, ಶೇಟರು ಪ್ರತಿಸಲವೂ ಕಣ್ಣು ಮುಚ್ಚುತ್ತಿದ್ದರು. ಬಲಗೈ ಸೊಂಟವನ್ನು ಎರಡು ಸಲ ತಟ್ಟುತ್ತಿತ್ತು. ತುಟಿ ಏನೋ ಅನ್ನುತ್ತಿತ್ತು. ತಿರುವು ಮುಗಿದ ಮೇಲೆ ಕನ್ನಡಕ ಮೇಲೇರಿಸಿ "ನಿಧಾನ, ನಿಧಾನ" ಅನ್ನುತ್ತಿದ್ದರು, ಕಾರು ನಿಧಾನವಾಗಿಯೇ ಇದ್ದರೂ. ನಾಲ್ಕನೆಯ ವಾರಕ್ಕೆ ಇದಷ್ಟೂ ನನಗೆ ಬಾಯಿಪಾಠವಾಗಿತ್ತು.

ಆಮೇಲೆ ಆ ಮದುವೆ ಬಂತು. ಹೊನ್ನಾವರದಲ್ಲಿ ಅವರ ನೆಂಟರದು, ಭಟ್ಕಳದ ಕೆಲಸ ಮುಗಿಸಿ ಬರುವ ದಾರಿಯಲ್ಲೇ. ಮುಹೂರ್ತಕ್ಕೆ ತಡವಾಗಿತ್ತು, ಶಾಲಿನಕ್ಕನ ಫೋನಿನ ಮೇಲೆ ಫೋನು. ಶೇಟರು ಗುಂಡುಗಳನ್ನು ತೆಗೆದು ಕಿಸೆಗೆ ಹಾಕಿಕೊಂಡರು. ಖಾಲಿ ಕೋವಿಯನ್ನು ಚರ್ಮದ ಚೀಲದ ಸಮೇತ ಸೀಟಿನ ಕೆಳಗೆ ಬೋಲ್ಟು ಬಿಗಿದ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ಆ ಗಡಿಬಿಡಿಯಲ್ಲಿ ಕಾರನ್ನು ನೆರಳಿಗೆ ನಿಲ್ಲಿಸಲೆಂದು ಕೀಲಿ ಗೊಂಚಲನ್ನೇ ನನ್ನ ಕೈಗೆ ಕೊಟ್ಟು ಓಡಿದರು. ಪೆಟ್ಟಿಗೆಯ ಕೀಲಿಯೂ ಅದರಲ್ಲೇ ಇತ್ತು.

ನೆರಳಿನಲ್ಲಿ ಬೇರೆ ಕಾರುಗಳ ಡ್ರೈವರುಗಳು. ಕರ್ಕಿಯವನೊಬ್ಬ, ಜಾಲಿಯವನೊಬ್ಬ, ಇನ್ನಿಬ್ಬರು, ನನ್ನ ನಕಲು ಮೊದಲೇ ನೋಡಿದವರು. "ಏ, ನಿಮ್ ಶೇಟ್ರನ್ನ ಮಾಡಿ ತೋರ್ಸಾ" ಅಂದರು. ಸೊಂಟ ಖಾಲಿ ಇದ್ದರೆ ಶೇಟರು ಆಗುವುದು ಹೇಗೆ? ಪೆಟ್ಟಿಗೆ ತೆರೆದೆ. ಕೋವಿಯ ಚೀಲ ಸೊಂಟಕ್ಕೆ ಕಟ್ಟಿಕೊಂಡೆ. ಮೂಗಿನ ತುದಿಗೆ ಇಲ್ಲದ ಕನ್ನಡಕ ಇಳಿಸಿದೆ. ತಿರುವು ಬಂತು, ಕಣ್ಣು ಮುಚ್ಚಿದೆ, ಎರಡು ಸಲ ತಟ್ಟಿದೆ, ತುಟಿ ಅಲ್ಲಾಡಿಸಿದೆ, ಕೋವಿ ಹೊರಗೆಳೆದು ತೆಂಗಿನ ಮರಕ್ಕೆ ಗುರಿಯಿಟ್ಟು "ನಿಧಾನ, ನಿಧಾನ" ಅಂದೆ. ಮೂವರು ಬಿದ್ದು ಬಿದ್ದು ನಕ್ಕರು. ಅವರಲ್ಲೊಬ್ಬ ಫೋನು ಹಿಡಿದಿದ್ದ. ಕರ್ಕಿಯ ಡ್ರೈವರ್ ಮಾತ್ರ, ವಯಸ್ಸಾದವನು, ಮುಖ ಆಚೆ ತಿರುಗಿಸಿ, "ಸಾಕ್ ಮಾಡು ತಮಾ, ಅದು ನಗೂದಲ್ಲ" ಅಂದ. ಚಪ್ಪಾಳೆಯಲ್ಲಿ ಅವನ ಮಾತು ನನಗೆ ತಡವಾಗಿ ಕೇಳಿಸಿತು.

ಸಂಜೆಯೊಳಗೆ ನನ್ನ ಕಲೆ ಭಟ್ಕಳದಿಂದ ಕುಮಟೆಯವರೆಗಿನ ಫೋನುಗಳಲ್ಲಿ ಓಡಾಡಿತು. ಮೂರನೆಯ ದಿನ ಪೊಲೀಸರು ಶೇಟರನ್ನು ಕರೆಸಿದರು. ಕೋವಿ ಠಾಣೆಯಲ್ಲಿ ಉಳಿಯಿತು, ಅವರು ರಸೀದಿ ಹಿಡಿದು ಬಂದರು. ಪರವಾನಗಿ ಯಾಕೆ ರದ್ದು ಮಾಡಬಾರದು ಎಂದು ಕೇಳುವ ನೋಟಿಸು ಕಾರವಾರದಿಂದ ಆಮೇಲೆ ಬಂತು. ನನ್ನ ಮೇಲೆ ಬೇರೆ ಕೇಸು. ಶೇಟರು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ, ಬೈಗುಳವನ್ನು ನಕಲು ಮಾಡಿ ಹಗುರಾಗುವುದು ನನಗೆ ಗೊತ್ತು. ಅವರು ಭಟ್ಕಳಕ್ಕೆ ಹೋಗುವುದನ್ನೇ ಬಿಟ್ಟರು. ಒಡವೆಗಳು ತಿಜೋರಿಯಲ್ಲೇ ಕೂತವು. ಅವರು ಕುರ್ಚಿಯಲ್ಲಿ ಕೂತರು. ಆಗಾಗ ಖಾಲಿ ಸೊಂಟದ ಮೇಲೆ ಕೈ ಹೋಗಿ ಹಿಂದೆ ಬರುತ್ತಿತ್ತು.

ಶಾಲಿನಕ್ಕನೇ ಅಡಿಗೆಮನೆಯಲ್ಲಿ ಹೇಳಿದ್ದು, ತೆಂಗಿನಕಾಯಿ ತುರಿಯುತ್ತ, ನನ್ನ ಮುಖ ನೋಡದೆ.

"ವಿನಾಯಕ ಅಂತ ತಮ್ಮ ಇದ್ದ ಇವ್ರಿಗೆ. ಭಟ್ಕಳಕ್ಕೆ ಒಡವೆ ತಕಂಡೋಗೂದು ಅವನೇ, ಬೈಕಲ್ಲಿ. ಆ ತಿರುವಲ್ಲೇ ಕಳ್ಳರು ಅಡ್ಡ ಹಾಕಿದ್ರು. ಚೀಲ ಕೊಟ್ಟನಂತೆ. ಕೊಟ್ಟ ಮೇಲೂ ತಲೆಗೆ ಹೊಡೆದ್ರು. ಇವ್ರು ಹೋಗಿ ಮುಟ್ಟೂದ್ರೊಳಗೆ ಎಲ್ಲ ಆತು." ತುರಿಯುವುದು ನಿಂತಿತು. "ಆಮೇಲೇ ಈ ಕೋವಿಗೆ ಅರ್ಜಿ ಹಾಕಿದ್ದು. ಆ ತಿರುವು ಬಂದಾಗೆಲ್ಲ, ನಾ ಬಂದೆ ತಮಾ ಅಂತಾರೆ, ಮನ್ಸಲ್ಲೇ. ಬೇರೆ ಯಾರಿಗೂ ಆ ಶಬ್ದ ಅವ್ರ ಬಾಯಲ್ಲಿ ಬರೂದಿಲ್ಲ."

ನಾನು ನಕಲು ಮಾಡಿದ್ದು ಏನನ್ನು ಅಂತ ಆಗ ತಿಳಿಯಿತು. ಆ ತುಟಿಯ ಅಲ್ಲಾಟವನ್ನೂ ಬಿಟ್ಟಿರಲಿಲ್ಲ ನಾನು. ಬಹಳ ಕರಾರುವಾಕ್ಕಾಗಿ ಮಾಡಿದ್ದೆ.

ಠಾಣೆಯಲ್ಲಿ ಜಾಮೀನಿನ ಕೆಲಸ ಮುಗಿದದ್ದೇ ಊರಿಗೆ ಓಡಿದೆ. ಅವ್ವನಿಗೆ ಹುಷಾರಿಲ್ಲ ಅಂತ ಸುಳ್ಳು ಹೇಳಿ. ಅವ್ವ ಗಟ್ಟಿಮುಟ್ಟಾಗಿ ರೊಟ್ಟಿ ಬಡಿಯುತ್ತ ಕೂತಿದ್ದಳು. ಆ ರೊಟ್ಟಿಗಾಗಿ ಅಷ್ಟು ದಿನ ಅತ್ತವನು ಎರಡನ್ನು ತಿಂದು ಸಾಕು ಅಂದೆ. ಗೆಳೆಯರು ಕಟ್ಟೆಯ ಮೇಲೆ ಸುತ್ತ ಕೂತು, "ಏನ್ಲೇ ಸಮುದ್ರದಾವ, ಅಲ್ಲಿ ಮಂದೀನ್ನ ಮಾಡಿ ತೋರಸಲೇ" ಅಂದರು. ಎದ್ದು ನಿಂತೆ, ಏನೂ ಬರಲಿಲ್ಲ. "ಎಂತ ಮಾಡೂದು" ಅಂದೆ. ಅದಕ್ಕೇ ನಕ್ಕರು. ನಾನು ಬೇಕೆಂದು ಅಂದದ್ದಲ್ಲ ಅದು. ಊರಿನ ರಸ್ತೆ ಅಗಲವಾಗಿ, ಆಕಾಶ ವಿಪರೀತ ದೊಡ್ಡದಾಗಿ ಕಂಡಿತು. ಮರೆಗೆ ನಿಲ್ಲಲು ಒಂದು ಮರವಿಲ್ಲ.

ಮೂರನೆಯ ದಿನ ಅವ್ವ ಕೇಳಿದಳು: "ಯಾಕೋ ಬಸ್ಯಾ, ಘಳಿಗಿಗೊಮ್ಮೆ ಸ್ವಾಂಟ ಯಾಕ ಮುಟ್ಟಿಕೊಳ್ತಿ? ನೂಸಾಕತ್ತೇತೇನು?"

ಆವತ್ತು ಗದಗಿನ ಪೇಟೆಗೆ ಹೋಗಿ ಒಂದು ಆಟಿಕೆ ರಿವಾಲ್ವರ್ ಕೊಂಡೆ. ಕಪ್ಪಗೆ, ಗೇಣುದ್ದ. ನೋಡಿದರೆ ಥೇಟ್ ಅದೇ. ಘಟ್ಟ ಇಳಿಯುವಾಗ ಈ ಸಲ ವಾಂತಿಯಾಗಲಿಲ್ಲ. ಅದೊಂದು ಗೆಲುವು ಅಂತ ಹೇಳಿಕೊಳ್ಳಬಹುದಿತ್ತು, ಬೇರೆ ದಿನವಾಗಿದ್ದರೆ.

ಕಾರವಾರದ ಜಿಲ್ಲಾಧಿಕಾರಿ ಕಚೇರಿಯಲ್ಲಿ ಪರವಾನಗಿಯ ವಿಚಾರಣೆ. ಕಾರು ಓಡಿಸಿದವನು ನಾನೇ. ಆಟಿಕೆಯ ವಿಷಯ ದಾರಿಯಲ್ಲಿ ಶೇಟರಿಗೆ ಹೇಳಲಿಲ್ಲ. ಒಳಗೆ ಹೋದ ಮೇಲೆ ಅಧಿಕಾರಿಯ ಮೇಜಿನ ಮೇಲೆ ಆಟಿಕೆಯನ್ನಿಟ್ಟು ನನ್ನ ಜೀವಮಾನದ ಅತ್ಯುತ್ತಮ ನಟನೆ ಮಾಡಿದೆ.

"ಸರ್, ವಿಡಿಯೋದಾಗ ಇದ್ದದ್ದು ಇದು. ಶೇಟ್ರ ಕೋವಿ ಪೆಟ್ಟಿಗ್ಯಾಗ ಇತ್ರಿ. ನಾನು ಮುಟ್ಟಿಲ್ರಿ."

ಅಧಿಕಾರಿ ಅದನ್ನು ತಿರುಗಿಸಿ ನೋಡಿದರು. ವಿಡಿಯೋ ಅಷ್ಟೇನೂ ಸ್ಪಷ್ಟವಾಗಿರಲಿಲ್ಲ. ಶೇಟರ ಕಡೆ ನೋಡಿ, "ಇವನು ಹೇಳ್ತಿರೋದು ನಿಜವೇ? ನೀವು ಹೌದು ಅಂದರೆ ಬರೆದುಕೊಳ್ತೀನಿ" ಅಂದರು. ಒಂದೇ ಒಂದು ಹೌದು. ತಲೆ ಅಲ್ಲಾಡಿಸಿದರೂ ಸಾಕಿತ್ತು.

ಶೇಟರು ಕನ್ನಡಕ ಮೇಲೇರಿಸಿದರು. "ಅಲ್ಲ ಸಾಹೇಬ್ರೆ. ಅದು ನನ್ನದೇ. ಕೀಲಿ ಅವನ ಕೈಗೆ ಕೊಟ್ಟವ ನಾನು. ಲೈಸೆನ್ಸಲ್ಲಿ ಹೆಸ್ರು ಅವಂದಲ್ಲ, ನಂದು."

ಪರವಾನಗಿ ರದ್ದಾಯಿತು. ನನ್ನ ಕೇಸು ಹೊನ್ನಾವರದ ನ್ಯಾಯಾಲಯದಲ್ಲಿ ಇನ್ನೂ ಇದೆ. ತಾರೀಖು ಬಂದಾಗ ಹೋಗಿ ನಿಲ್ಲುತ್ತೇನೆ, ಹೆಸರು ಕೂಗಿದಾಗ ನನ್ನದೇ ಧ್ವನಿಯಲ್ಲಿ ಓಗೊಡುತ್ತೇನೆ. ಭಟ್ಕಳಕ್ಕೆ ಈಗ ಹಗಲಿನಲ್ಲಿ, ಶೇಟರೂ ನಾನೂ, ಜನ ತುಂಬಿದ ಬಸ್ಸಿನಲ್ಲಿ ಹೋಗಿಬರುತ್ತೇವೆ. ತಿರುವು ಬಂದಾಗ ನಾನು ಕಿಟಕಿಯ ಆಚೆ ನೋಡುತ್ತೇನೆ. ಯಾಕೆ ಇನ್ನೂ ಅಲ್ಲೇ ಇದ್ದೀ ಅಂತ ನೀವು ಕೇಳುತ್ತೀರಿ. ಊರಲ್ಲಿ ನಾನು ಸಮುದ್ರದವ, ಇಲ್ಲಿ ನಾನು ಗದಗದವ. ಎರಡೂ ಕಡೆ ಅರ್ಧರ್ಧ ಇದ್ದೇನೆ, ಎರಡೂ ಕಡೆ ಊಟ ಸಿಗುತ್ತದೆ.

ಆದರೆ ವಿಚಾರಣೆಯ ಆ ದಿನ ಇಲ್ಲಿ ಉಳಿಯುವ ಮನಸ್ಸು ನನಗಿರಲಿಲ್ಲ. ಕಾರವಾರದಿಂದ ಹಿಂದೆ ಬರುತ್ತಿದ್ದೆವು. ಕುಮಟೆ ಹತ್ತಿರ ಬಂದಾಗ ನಾನೇ ಬಾಯಿಬಿಟ್ಟೆ.

"ಶೇಟ್ರ, ನಾ ನಾಳೆ ಊರಿಗೆ ಹೊಕ್ಕೇನ್ರಿ. ನಿಮಗ ಮಾರಿ ತೋರಸಾಕ ಆಗವಲ್ದು. ಬ್ಯಾರೆ ಡ್ರೈವರ್‌ನ ನೋಡ್ಕೋರಿ."

ಅವರ ಕೈ ಖಾಲಿ ಸೊಂಟಕ್ಕೆ ಹೋಯಿತು, ಅಲ್ಲೇ ನಿಂತಿತು. ಮುಂದಿನ ರಸ್ತೆಯನ್ನೇ ನೋಡುತ್ತ ಅವರು ಅಂದದ್ದು ಇಷ್ಟು:

"ಸುಳ್ಳು ಹೇಳೂಕೆ ಅಷ್ಟು ದೂರದಿಂದ ವಾಪಸ್ ಬಂದವ, ನಾ ಖರೆ ಹೇಳಿ ಆದ್ಮೇಲೆ ಓಡಿ ಹೋಗ್ತ್ಯ ತಮಾ?"