ಮಲಗಿದ ಮಗುವನ್ನು ಎಬ್ಬಿಸಬಾರದು

ಕೆಂಡದ ಮೇಲೆ ಬೆಳ್ಳುಳ್ಳಿ ಸಿಪ್ಪೆಯೂ ಓಮವೂ ಬಿದ್ದಾಗ ಏಳುವ ವಾಸನೆ ನಿಮಗೆ ಗೊತ್ತಿರಬೇಕು. ಮಗುವನ್ನು ಮೀಸಿ, ಒರೆಸಿ, ತಲೆಗೂದಲು ಒಣಗಲೆಂದು ಹೊಗೆ ಹಿಡಿಯುವಾಗಿನ ವಾಸನೆ ಅದು. ಮೊದಲು ಮೂಗಿಗೆ ಖಾರವಾಗಿ ತಾಗಿ, ಆಮೇಲೆ ಗಂಟಲಲ್ಲಿ ಸಿಹಿಯಾಗಿ ಕೂರುತ್ತದೆ. ಮೊನ್ನೆ ಬ್ರಹ್ಮಾವರದ ಈ ಬಾಡಿಗೆ ಮನೆಯ ಮಹಡಿಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಾಗ ಕೆಳಗಿನ ಮನೆಯಿಂದ ಅದೇ ವಾಸನೆ ಮೇಲೆ ಬಂತು. ಅವರ ಮಗಳು ಬಾಳಂತನಕ್ಕೆ ಬಂದಿದ್ದಾಳೆ. ನಾನು ಎದ್ದು ಕಿಟಕಿ ಹಾಕಿದೆ. ಹಾಕಿ ಏನು ಬಂತು? ಬರುವ ಹೊಗೆ ಬಂದಾಗಿತ್ತು. ಅಕ್ಕಿಯ ಗೆರಸಿಯನ್ನು ಹಾಗೆಯೇ ಬದಿಗಿಟ್ಟು ಗೋಡೆಗೆ ಒರಗಿದೆ. ನಾವು ಮೊದಲಿದ್ದ ತೆಕ್ಕಟ್ಟೆಯ ಮನೆ ಕಣ್ಣ ಮುಂದೆ ನಿಂತಿತು, ಬಚ್ಚಲಿನಿಂದ ಹಿಡಿದು ಹೆಬ್ಬಾಗಿಲಿನವರೆಗೆ.

ಆ ಮನೆ ಈಗ ಇಲ್ಲ. ಹೆದ್ದಾರಿ ಅಗಲ ಮಾಡುವಾಗ ಹೋಯಿತು. ಅದು ದೊಡ್ಡ ಮನೆಯೇನಲ್ಲ. ಹಂಚಿನ ಮಾಡು, ಸೆಗಣಿ ಸಾರಿಸಿದ ನೆಲ, ಮುಂದೆ ಒಂದು ಜಗಲಿ, ಹಿಂದೆ ಬಚ್ಚಲು. ಬಚ್ಚಲಲ್ಲಿ ತಾಮ್ರದ ಹಂಡೆ, ಅದರ ಕೆಳಗೆ ತೆಂಗಿನ ಸಿಪ್ಪೆಯ ಬೆಂಕಿ. ನೀರು ಕಾಯುವಾಗ ಹಂಡೆಯೊಳಗಿನಿಂದ ಒಂದು ಗುಂಯ್ ಎಂಬ ಸದ್ದು ಬರುತ್ತಿತ್ತು. ಆ ಸದ್ದು ನಿಂತರೆ ನೀರು ಹದಕ್ಕೆ ಬಂದಿತೆಂದು ಅರ್ಥ. ಕೈ ಹಾಕಿ ನೋಡಬೇಕಾಗಿರಲಿಲ್ಲ. ಒಳಕೋಣೆಯ ತೊಲೆಗೆ ಮರದ ತೊಟ್ಟಿಲು ಕಟ್ಟಿದ್ದೆ. ನನ್ನ ಮಗ ರಾಘು ಮಲಗಿದ ತೊಟ್ಟಿಲು ಅದು, ಹಳೆಯ ಸೀರೆಗಳನ್ನು ಮಡಚಿ ಹಾಸುತ್ತಿದ್ದೆ. ಆ ಸೀರೆಗಳಿಗೆ ಎಷ್ಟು ಒಗೆದರೂ ಹೋಗದ ಎಣ್ಣೆ ಮತ್ತು ಹಾಲಿನ ವಾಸನೆ ಇತ್ತು. ನಿಮ್ಮ ಮನೆಯಲ್ಲೂ ಅಂಥ ಸೀರೆ ಇದ್ದಿರಬಹುದು. ಈಗ ಯಾರ ಮನೆಯಲ್ಲೂ ಇಲ್ಲ.

ನಾನು ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವಳು. ನನಗೆ ಬಂದ ವಿದ್ಯೆ ಒಂದೇ, ಮಕ್ಕಳನ್ನು ಮೀಸಿ ಮಲಗಿಸುವುದು. ಅದನ್ನು ಕಲಿಸಿದವಳು ನನ್ನ ತಾಯಿ. ಕಡಲ ಬದಿಯ ಕೋಡಿ ಊರಲ್ಲಿ ನಮ್ಮದು ತೆಂಗಿನ ಮಡಲು ಹೊದಿಸಿದ ಮನೆ, ನನ್ನ ಕೆಳಗೆ ಐದು ಮಕ್ಕಳು. ಅಮ್ಮ ಮೀನು ಹೊತ್ತು ಹೋಗುವ ಮೊದಲು ಮಗುವನ್ನು ಮೀಸಿ ನನ್ನ ಕೈಗೆ ಕೊಡುತ್ತಿದ್ದಳು. ಆಗ ನನಗೆ ಏಳು ವರ್ಷ. ಕಾಲು ಚಾಚಿ ಕೂತು ತೊಟ್ಟಿಲ ಹಗ್ಗವನ್ನು ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ತೂಗುತ್ತಿದ್ದೆ. ಗಾಳಿಯಲ್ಲಿ ಉಪ್ಪಿರುತ್ತಿತ್ತು, ತುಟಿ ನೆಕ್ಕಿದರೆ ಗೊತ್ತಾಗುತ್ತಿತ್ತು. ಅಮ್ಮನದು ಮಾತು ಕಡಿಮೆ. ಬುಟ್ಟಿ ತಲೆಗೇರಿಸಿಕೊಂಡು ಹೊರಡುವಾಗ ದಿನಾ ಒಂದೇ ಮಾತು ಹೇಳುತ್ತಿದ್ದಳು: "ಒರ್ಗಿದ್ ಶಿಶುನ ಎಬ್ಸುಕಾಗ, ಗೊತ್ತಾಯ್ತಾ?" ಮಲಗಿದ ಮಗು ದೇವರ ಹತ್ತಿರ ಆಡುತ್ತಿರುತ್ತದೆ, ಎಬ್ಬಿಸಿದರೆ ದೇವರು ಮುನಿಯುತ್ತಾನೆ ಅಂತ ಅವಳ ನಂಬಿಕೆ. ನಾನು ದೇವರ ಸುದ್ದಿ ಬಿಟ್ಟೆ, ಮಾತನ್ನು ಹಿಡಿದುಕೊಂಡೆ.

ಗಂಡ ತೀರಿಕೊಂಡ ಮೇಲೆ ತೆಕ್ಕಟ್ಟೆ, ಕೋಟೇಶ್ವರದ ಮನೆಗಳಿಗೆ ಮಗು ಮೀಸಲು ಹೋಗತೊಡಗಿದೆ. ನನ್ನ ಕೈಗೆ ಬಿದ್ದ ಮಗು ಮೂರು ತಾಸು ಮಲಗುತ್ತದೆ ಅಂತ ಹೆಸರಾಯಿತು. ಗುಟ್ಟೇನೂ ಇರಲಿಲ್ಲ. ದಿನಾ ಅದೇ ಹೊತ್ತು, ಅದೇ ಎಣ್ಣೆ, ಅದೇ ಕ್ರಮ. ಮೊದಲು ಕಾಲು, ಆಮೇಲೆ ಬೆನ್ನು, ಕೊನೆಗೆ ನೆತ್ತಿ. ನೀರು ಹುಯ್ದು ಹೊಗೆ ಹಿಡಿದು, ಬಟ್ಟೆ ಸುತ್ತಿ, ತೊಟ್ಟಿಲು. ನನಗೆ ಗಡಿಯಾರ ನೋಡಲು ಬಾರದು, ಹೆದ್ದಾರಿಯ ಬಸ್ಸುಗಳೇ ನನ್ನ ಗಡಿಯಾರ. ಒಂಬತ್ತೂವರೆಯ ಬಸ್ಸು ಹಾರನ್ ಹೊಡೆದರೆ ಎಣ್ಣೆ ಬಟ್ಟಲು ಕೈಗೆ ಬರಬೇಕು. ಆ ಹಾರನ್ ಕೇಳಿದರೆ ಮಕ್ಕಳೇ ಕೈಕಾಲು ಬಡಿಯುತ್ತಿದ್ದವು. ಪಕ್ಕದ ಮನೆಯ ಗಿರಿಜ ಬೇಲಿಯಾಚೆಯಿಂದ ತಮಾಷೆ ಮಾಡುತ್ತಿದ್ದಳು.

"ಹ್ವಾಯ್ ಚಿಕ್ಕಮ್ಮ, ನಮ್ಮ್ ಗಂಡನ್ನೂ ಒಂದ್ ಸಲ ಮೀಸಿ ತೊಟ್ಲಿಗ್ ಹಾಕಿ ಕಾಂಬ. ಸಾರಾಯಿ ಅಂಗ್ಡಿಗ್ ಹೋಪ್ದಾರೂ ನಿಲ್ಲತ್ತ್."

"ನಿನ್ ಗಂಡನಿಗೆ ನಮ್ಮ್ ಹಂಡಿ ನೀರ್ ಸಾಕಾತಿಲ್ಲ ಮಾರಾಯ್ತಿ, ಕೆರಿಗೇ ಇಳ್ಸ್ಕ್" ಅನ್ನುತ್ತಿದ್ದೆ ನಾನು.

ರಾಘು ಕೋಟೇಶ್ವರದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ. ಅವನಿಗೆ ಬೈಂದೂರು ಕಡೆಯ ಸುಜಾತಳನ್ನು ತಂದೆವು. ಮೆದು ಹುಡುಗಿ, ನಡೆದರೆ ನೆಲಕ್ಕೆ ಗೊತ್ತಾಗುತ್ತಿರಲಿಲ್ಲ. ವರ್ಷ ಕಳೆದು ಹೆಣ್ಣುಮಗು ಹುಟ್ಟಿತು, ವಿನುತ ಅಂತ ಹೆಸರಿಟ್ಟೆವು. ಊರ ಮಕ್ಕಳನ್ನೆಲ್ಲ ಮಲಗಿಸಿದ ನನಗೆ ಮೊಮ್ಮಗಳು ಸಿಕ್ಕಿದಳು. ಅವಳನ್ನು ನಾನು ಯಾರಿಗೂ ಕೊಡಲಿಲ್ಲ, ಹೆತ್ತವಳಿಗೂ ಕೊಡಲಿಲ್ಲ. ಹಾಲು ಕುಡಿಸಿ ಆಯಿತೋ, ನನ್ನ ಕೈಗೆ. ಸುಜಾತ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಒಮ್ಮೆ ಕೇಳಿದಳು, "ಅತ್ತೆ, ಇವತ್ತ್ ನಾನ್ ತೂಗ್ಲಾ?" ನಾನು ಹೇಳಿದೆ, "ಬ್ಯಾಡ. ಕೈ ಬದಲಾದ್ರೆ ಮಕ್ಳಿಗ್ ಗೊತ್ತಾತ್ತ್. ನೀನ್ ಹೋಯಿ ಅನ್ನ ಬಗ್ಸ್." ಅವಳು ಹೋಗಿ ಗಂಜಿ ಬಸಿದು ಅನ್ನ ಬಗ್ಗಿಸಿದಳು. ಮತ್ತೆ ಕೇಳಲಿಲ್ಲ.

ವಿನುತ ನನ್ನ ಕೈಯಲ್ಲಿ ಗಡಿಯಾರದ ಹಾಗೆ ಮಲಗಿ ಏಳುತ್ತಿದ್ದಳು. ಹತ್ತಕ್ಕೆ ಕಣ್ಣು ಮುಚ್ಚಿದರೆ ಒಂದು ಗಂಟೆಯ ಹೊತ್ತಿಗೆ ಎದ್ದು, ಅಳದೆ, ತೊಟ್ಟಿಲ ಅಂಚಿನಿಂದ ಒಂದು ಕಾಲು ಹೊರಗೆ ಹಾಕುತ್ತಿದ್ದಳು. ಅಂಗಾಲು ಕೆಂಪಗೆ, ಮಡಿಕೆ ಮಡಿಕೆ, ಎಣ್ಣೆಯ ಹೊಳಪು. ಆ ಕಾಲನ್ನು ಕಂಡರೆ ನನಗೆ ಮಧ್ಯಾಹ್ನವಾಯಿತು ಅಂತ. ಅವಳನ್ನು ತೊಟ್ಟಿಲಿಗೆ ಹಾಕಿ ನಾನು ಇನ್ನೆರಡು ಮನೆಗೆ ಮಗು ಮೀಸಲು ಹೋಗಿ ಬರುತ್ತಿದ್ದೆ. ಅದು ಊರಿಗೆಲ್ಲ ಗೊತ್ತಿತ್ತು.

ಏಳು ತಿಂಗಳು ತುಂಬಿದ ಮೇಲೆ ಒಂದು ದಿನ ಬೆಳಿಗ್ಗೆ ಸುಜಾತ ಹೇಳಿದಳು, "ಅತ್ತೆ, ಮೈ ಒಂಚೂರ್ ಬಿಸಿ ಇತ್ತ್. ಇವತ್ತ್ ಮೀಸುದ್ ಬ್ಯಾಡ್ದಾ ಏನೋ."

"ಹಲ್ಲ್ ಬಪ್ಪು ಹೊತ್ತಿಗೆ ಎಲ್ಲಾ ಮಕ್ಳ್ ಮೈಯೂ ಬಿಸಿ ಆತ್ತ್. ಒಂದ್ ದಿನ ತಪ್ಸಿದ್ರೆ ಎಂಟ್ ದಿನ ಅನುಭವಿಸ್ಕ್" ಅಂದೆ.

ಹಿಂದಿನ ದಿನವಿಡೀ ಮಗು ಕಿರಿಕಿರಿ ಮಾಡಿತ್ತು. ಆ ದಿನ ನೀರು ಹುಯ್ದರೂ ಅಳಲಿಲ್ಲ. ಹೊಗೆ ಹಿಡಿದಾಗ ಕೆಮ್ಮಲಿಲ್ಲ. ಬಟ್ಟೆ ಸುತ್ತುವಾಗಲೇ ಕಣ್ಣು ಮುಚ್ಚಿತ್ತು. ಜೋಗುಳದ ಮೊದಲ ಸಾಲು ಮುಗಿಯುವ ಮೊದಲೇ ನಿದ್ದೆ. ನಾನು ಹೊರಗೆ ಬಂದು, ಗದ್ದೆ ಕೆಲಸಕ್ಕೆ ಹೊರಟಿದ್ದ ಗಿರಿಜಳಿಗೆ ಕೇಳುವ ಹಾಗೆ ಹೇಳಿದೆ, ಇವತ್ತು ಹಾಡೂ ಬೇಕಾಗಲಿಲ್ಲ ಅಂತ. ಆ ಮಾತು ಹೇಳಿದ ಬಾಯಿ ಇದೇ. ಇದೇ ಬಾಯಿಯಲ್ಲಿ ಈಗಲೂ ದಿನಕ್ಕೆ ಎರಡು ಹೊತ್ತು ಉಣ್ಣುತ್ತೇನೆ.

ಆ ದಿನ ನನಗೆ ಬೇರೆ ಮನೆಯ ಕೆಲಸವಿರಲಿಲ್ಲ. ಒಂದು ಮನೆಯವರು ನೆಂಟರಲ್ಲಿಗೆ ಹೋಗಿದ್ದರು, ಇನ್ನೊಂದು ಮನೆಯ ಮಗುವಿಗೆ ನಲವತ್ತು ದಿನ ಕಳೆದು ನಾನು ಹೋಗುವುದು ಮುಗಿದಿತ್ತು. ಜಗಲಿಯಲ್ಲಿ ಕೂತು ಮಡಲು ಸಿಗಿದು ಪೊರಕೆಗೆ ಹಿಡಿಕಡ್ಡಿ ತೆಗೆಯುತ್ತಿದ್ದೆ. ಹನ್ನೆರಡರ ಬಸ್ಸು ಹೋಯಿತು. ಸುಜಾತ ಬಂದು ನಿಂತಳು. "ಎಬ್ಸ್ಲಾ ಅತ್ತೆ? ಬೆಳಿಗ್ಗೆಯೂ ಸಮಾ ಹಾಲ್ ಕುಡಿಲಿಲ್ಲ." ಹಸಿವಾದರೆ ತಾನೇ ಏಳುತ್ತದೆ ಅಂದೆ. ಒಂದು ಗಂಟೆಯ ಬಸ್ಸು ಹೋಯಿತು. ತೊಟ್ಟಿಲಿನಿಂದ ಕಾಲು ಹೊರಗೆ ಬರಲಿಲ್ಲ. ಹೋಗಿ ನೋಡಿದೆ, ಉಸಿರಾಟ ಇತ್ತು, ಕೆನ್ನೆ ಕೆಂಪಗಿತ್ತು. ಎಷ್ಟು ಚಂದದ ನಿದ್ದೆ ಅಂದುಕೊಂಡೆ. ಎರಡು ಗಂಟೆಗೆ ಸುಜಾತ ಮತ್ತೆ ಬಂದಳು. ಅವಳ ರವಿಕೆ ಎರಡೂ ಕಡೆ ಒದ್ದೆಯಾಗಿತ್ತು.

"ಎದಿ ಕಟ್ಟ್ಕಂಡಿತ್ ಅತ್ತೆ. ತಡ್ಕಂಬುಕ್ ಆತಿಲ್ಲ."

"ನಿನ್ ಎದಿ ನೋವಿಗೆ ಮಗಿನ್ ನಿದ್ರಿ ಕೆಡ್ಸ್ತ್ಯಾ? ಹಿಂಡಿ ದಾಸಾಳದ ಬುಡಕ್ಕ್ ಚೆಲ್ಲ್, ಯಾರೂ ತುಳಿಯದೇ ಇಪ್ಪಲ್ಲಿ."

ಅವಳು ಅದನ್ನೂ ಮಾಡಿದಳು. ದಾಸವಾಳದ ಗಿಡದ ಹತ್ತಿರ ಬಗ್ಗಿ ಕೂತು, ಸೆರಗು ಮರೆ ಮಾಡಿಕೊಂಡು, ತೆಂಗಿನ ಕರಟಕ್ಕೆ ಹಿಂಡುತ್ತಿದ್ದಳು. ಬಿಸಿಲು ಅವಳ ಬೆನ್ನಿಗೆ ಹೊಡೆಯುತ್ತಿತ್ತು. ಹಾಲು ಕರಟಕ್ಕೆ ಬೀಳುವ ಸಣ್ಣ ಸದ್ದು ಜಗಲಿಯವರೆಗೆ ಕೇಳುತ್ತಿತ್ತು. ನಾನು ಕಡ್ಡಿ ತೆಗೆಯುವುದನ್ನು ನಿಲ್ಲಿಸಲಿಲ್ಲ.

ಮೂರು ಗಂಟೆಯ ಬಸ್ಸು ಹೋದಾಗ ಅವಳು ನನ್ನನ್ನು ಕೇಳಲಿಲ್ಲ. ನೆಟ್ಟಗೆ ಒಳಗೆ ಹೋಗಿ ಮಗುವನ್ನು ಎತ್ತಿದಳು. "ಅತ್ತೆ, ಹೆಣ್ಣ್ ಕಣ್ಣ್ ಬಿಡ್ತಿಲ್ಲ" ಅಂದಳು. ಕೂಗಲಿಲ್ಲ, ಮೆಲ್ಲಗೇ ಅಂದಳು. ಕುತ್ತಿಗೆ ಒಂದು ಕಡೆಗೆ ಜೋತಿತ್ತು. ಮೈ ಕಾವಲಿಯ ಹಾಗೆ ಸುಡುತ್ತಿತ್ತು. ಎದೆಗೆ ಹಿಡಿದರೆ ಬಾಯಿ ತೆರೆಯಲಿಲ್ಲ, ಹಾಲು ತುಟಿಯ ಬದಿಯಿಂದ ಇಳಿದು ಹೋಯಿತು. ರಿಕ್ಷಾ ಹಿಡಿದು ಕುಂದಾಪುರಕ್ಕೆ ಹೋದೆವು. ದಾರಿಯಲ್ಲಿ ಕೋಟೇಶ್ವರದ ಅಂಗಡಿಯ ಮುಂದೆ ನಿಲ್ಲಿಸಿ ರಾಘುವನ್ನು ಹತ್ತಿಸಿಕೊಂಡೆವು. ಅವನ ಕೊರಳಲ್ಲಿ ಅಳತೆ ಟೇಪು ಹಾಗೆಯೇ ನೇತಾಡುತ್ತಿತ್ತು.

ಡಾಕ್ಟರು ಮಗುವಿನ ಕಣ್ಣಿನ ರೆಪ್ಪೆ ಎತ್ತಿ ನೋಡಿದರು. ಯಾವಾಗಿನಿಂದ ಹೀಗೆ ಮಲಗಿದೆ ಅಂತ ಕೇಳಿದರು. ಬೆಳಿಗ್ಗೆ ಹತ್ತರಿಂದ ಅಂದೆವು. "ಐದು ಗಂಟೆ ಹೊತ್ತು ಯಾರೂ ಎಬ್ಬಿಸಲಿಲ್ಲವಾ? ತಾಯಿ ಎಲ್ಲಿದ್ದರು?" ಅಂದರು. ರಾಘು ಹೆಂಡತಿಯ ಮುಖ ನೋಡಿದ. ಸುಜಾತ ನೆಲ ನೋಡುತ್ತ ಹೇಳಿದಳು, "ನಾನೂ ಮನ್ಕಂಡಿದ್ದೆ. ಎಚ್ಚರ ಆಯ್ಲಿಲ್ಲ."

ಯಾಕೆ ಹಾಗೆ ಹೇಳಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಹೆದರಿದಳೋ, ನನ್ನನ್ನು ಉಳಿಸಿದಳೋ, ನನ್ನ ಮಾತು ಕೇಳಿದ್ದೇ ತನ್ನ ತಪ್ಪು ಅಂದುಕೊಂಡಳೋ. ನಾನು ಅಲ್ಲ ಅನ್ನಬೇಕಿತ್ತು. ಅನ್ನಲಿಲ್ಲ. ಜ್ವರ ತಲೆಗೇರಿದೆ, ಬೆಳಿಗ್ಗೆಯೇ ತಂದಿದ್ದರೆ, ಅಂತ ಡಾಕ್ಟರು ಅರ್ಧಕ್ಕೆ ನಿಲ್ಲಿಸಿದರು. ಮರುದಿನ ಮಧ್ಯಾಹ್ನ ಮಗು ಹೋಯಿತು.

ಊರು ಸುಜಾತಳನ್ನು ಸುಮ್ಮನೆ ಬಿಡಲಿಲ್ಲ. ಹಗಲು ಹೊತ್ತು ಕಾಲು ಚಾಚಿ ಮಲಗುವ ಸೊಸೆ ಅಂದರು. ನಾನು ಬೇರೆ ಮನೆಗೆ ಮಗು ಮೀಸಲು ಹೋಗಿದ್ದೆ ಅಂತಲೇ ಎಲ್ಲರೂ ತಿಳಿದುಕೊಂಡರು. "ಪಾಪ, ನೀವ್ ಮನೆಲಿ ಇದ್ದಿದ್ರೆ ಹೀಂಗ್ ಆತಿರ್ಲಿಲ್ಲ ಅಲ್ದಾ ಚಿಕ್ಕಮ್ಮ" ಅಂದಳು ಗಿರಿಜ. ನಾನು ಸೆರಗಿನಿಂದ ಮುಖ ಒರೆಸಿಕೊಂಡೆ, ಅವಳು ಅದನ್ನು ಅಳು ಅಂದುಕೊಂಡಳು. ರಾಘು ಒಂದು ತಿಂಗಳು ಹೆಂಡತಿಯ ಹತ್ತಿರ ಮಾತಾಡಲಿಲ್ಲ. ಅವಳು ಬಡಿಸುತ್ತಿದ್ದಳು, ಅವನು ಉಂಡು ಏಳುತ್ತಿದ್ದ. ಹಾಲು ನಿಲ್ಲಲೆಂದು ಎದೆಗೆ ಮಲ್ಲಿಗೆ ಹೂ ಕಟ್ಟಿಕೊಂಡು ತಿರುಗುತ್ತಿದ್ದಳು, ಮನೆಯೆಲ್ಲ ಬಾಡಿದ ಮಲ್ಲಿಗೆಯ ವಾಸನೆ. ನನ್ನನ್ನು ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈಯುತ್ತಿದ್ದೆ, ಜಗಳ ಮುಗಿಯುತ್ತಿತ್ತು. ಮೂರು ತಿಂಗಳಾಗುವಷ್ಟರಲ್ಲಿ ಕೋಟೇಶ್ವರದಿಂದ ಮಗು ಮೀಸಲು ಕರೆ ಬಂತು. ಹೋದೆ. ಆ ಮಗುವೂ ಮೂರು ತಾಸು ಮಲಗಿತು.

ನಾಲ್ಕು ವರ್ಷದ ಮೇಲೆ ಗಂಡುಮಗು ಹುಟ್ಟಿತು. ಬಾಳಂತನಕ್ಕೆ ಸುಜಾತ ಬೈಂದೂರಿಗೆ ತಾಯಿಯ ಮನೆಗೆ ಹೋದವಳು ಆರು ತಿಂಗಳು ಬರಲಿಲ್ಲ. ಬಂದ ಮೇಲೆ ಮಗುವನ್ನು ತಾನೇ ಮೀಸಿದಳು, ತಾನೇ ತೂಗಿದಳು. ಆದರೆ ಮಲಗಲು ಬಿಡಲಿಲ್ಲ. ಕಣ್ಣು ಹತ್ತಿದ ಅರ್ಧ ತಾಸಿಗೆ ಕೆನ್ನೆ ತಟ್ಟುತ್ತಿದ್ದಳು, ಅಂಗಾಲು ಕೆರೆಯುತ್ತಿದ್ದಳು, ಕಣ್ಣು ಬಿಡುವವರೆಗೆ. ಮಗು ಬೆಚ್ಚಿ ಅಳುತ್ತಿತ್ತು. ಅತ್ತರೆ ಅವಳಿಗೆ ಸಮಾಧಾನ. ಮತ್ತೆ ಮಲಗಿಸಿ ಮತ್ತೆ ಎಬ್ಬಿಸುವಳು. ಮಗುವಿನ ಕಣ್ಣ ಕೆಳಗೆ ಕಪ್ಪಾಯಿತು, ತೂಕ ಏರಲಿಲ್ಲ. ಊರ ಮಕ್ಕಳಿಗೆಲ್ಲ ನಿದ್ದೆ ಕೊಟ್ಟ ನಾನು ಜಗಲಿಯಲ್ಲಿ ಕೂತು ಆ ಅಳು ಕೇಳುತ್ತಿದ್ದೆ. ಒಂದೇ ಒಂದು ಸಲ ತಡೆಯಲಾರದೆ, "ಒಂಚೂರ್ ಮನಿಕಣ್ಲಿ ಬಿಡ್ ಸುಜಾತ" ಅಂದೆ. ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಎದ್ದು ಬಾವಿಕಟ್ಟೆಗೆ ಹೋದೆ.

ಮನೆ ಒಡೆಯುವ ದಿನ ರಾಘುವಿಗೆ ಹೇಳಿದೆ. ಆಳುಗಳು ಮಾಡಿನ ಮೇಲೆ ಹತ್ತಿ ಹಂಚು ಇಳಿಸುತ್ತಿದ್ದರು, ಧೂಳು ಏಳುತ್ತಿತ್ತು. "ಅವತ್ತ್ ಅವ್ಳ್ ಮನ್ಕಂಡಿರ್ಲಿಲ್ಲ ಮಗ. ಎಬ್ಸ್ತೆ ಅಂದ್ಲ್, ನಾನೇ ಬಿಡ್ಲಿಲ್ಲ." ಅವನು ಹಂಚು ಎಣಿಸುತ್ತಿದ್ದವನು ನಿಲ್ಲಿಸಿದ. "ಈಗ ಎಂತಕಮ್ಮ ಅದ್?" ಅಂದ. ಮತ್ತೆ ಮೊದಲಿನಿಂದ ಎಣಿಸತೊಡಗಿದ. ಅವನು ಅದನ್ನು ಹೆಂಡತಿಗೆ ಹೇಳಿದನೋ ಇಲ್ಲವೋ ನನಗೆ ತಿಳಿಯದು. ಹೇಳಿದರೂ ಅವಳಿಗೆ ಅದರಲ್ಲಿ ಹೊಸದೇನಿತ್ತು?

ಹುಡುಗನಿಗೆ ಈಗ ಹನ್ನೆರಡು ವರ್ಷ. ಅವನಿಗೆ ಅಕ್ಕ ಇದ್ದಳೆಂದು ಯಾರೂ ಹೇಳಿಲ್ಲ. ಗಟ್ಟಿ ನಿದ್ದೆ ಅವನಿಗೆ ಬರುವುದೇ ಇಲ್ಲ, ಬೆಕ್ಕು ನಡೆದರೂ ಏಳುತ್ತಾನೆ. ಭಾನುವಾರ ಊಟವಾದ ಮೇಲೆ ನಾನು ಈ ಬಾಡಿಗೆ ಮನೆಯ ನಡುಕೋಣೆಯಲ್ಲಿ ಚಾಪೆ ಹಾಕಿಕೊಂಡರೆ ಅವನು ಕಿಟಕಿಯ ಹತ್ತಿರ ಮಲಗುತ್ತಾನೆ. ಸ್ವಲ್ಪ ಹೊತ್ತಿಗೆ ಸುಜಾತ ಪಾತ್ರೆ ತೊಳೆಯುವುದನ್ನು ಅರ್ಧಕ್ಕೆ ಬಿಟ್ಟು ಬರುತ್ತಾಳೆ. ಒದ್ದೆ ಕೈಯನ್ನು ಸೀರೆಗೆ ಒರೆಸಿ ಅವನ ಮೂಗಿನ ಹತ್ತಿರ ಬೆರಳು ಹಿಡಿಯುತ್ತಾಳೆ.

"ಸತ್ತಿಲ್ಲ ಅಮ್ಮ, ಮನ್ಕಂಡಿದ್ದೆ" ಅನ್ನುತ್ತಾನೆ ಹುಡುಗ, ಕಣ್ಣು ತೆರೆಯದೆ, ಸಿಟ್ಟಿನಿಂದ.

ಅವಳು ಬೆರಳು ತೆಗೆದು ಒಳಗೆ ಹೋಗುತ್ತಾಳೆ. ಹೋಗುವ ದಾರಿಯಲ್ಲಿ ನನ್ನ ಚಾಪೆ ಇದೆ. ನಾನು ಗೋಡೆಯ ಕಡೆ ಮುಖ ಮಾಡಿ ಕಣ್ಣು ಮುಚ್ಚಿಕೊಂಡಿರುತ್ತೇನೆ. ಉಸಿರು ನೋಡಲು ಅಲ್ಲಿ ಅವಳು ನಿಲ್ಲುವುದಿಲ್ಲ.